ಗೋಲ್ ಕಾಯುವವರು ಹೊರದೇಶದಲ್ಲಿ ಕೋಚ್ ಆಗುವ ದಾರಿ

ನಮ್ಮ ಶಿವಮೊಗ್ಗ ಕಡೆ ಶಾಲೆಗಳಲ್ಲಿ ಫುಟ್‌ಬಾಲ್ ಟೀಮ್ ಮಾಡುವ ರೀತಿ ನಿಮಗೂ ಗೊತ್ತಿರುತ್ತದೆ. ಚೆನ್ನಾಗಿ ಓಡುವವರು ಮುಂದೆ ಹೋಗುತ್ತಾರೆ. ಬಾಲನ್ನು ದೂರಕ್ಕೆ ಒದೆಯುವವರು ಹಿಂದೆ ನಿಲ್ಲುತ್ತಾರೆ. ಕೊನೆಗೆ ಉಳಿದವರನ್ನೋ, ಸ್ವಲ್ಪ ಎತ್ತರ ಇರುವವರನ್ನೋ ಗೋಲಿಗೆ ಕಳಿಸುತ್ತಾರೆ. ತೀರ್ಥಹಳ್ಳಿ, ಹೊಸನಗರದ ಕಡೆ ಆದರೆ ಮಳೆಗಾಲದಲ್ಲಿ ಗೋಲಿನ ಮುಂದೆ ಬರೀ ಕೆಸರು. ಅಲ್ಲಿ ಹೋಗಿ ನಿಲ್ಲಲು ಯಾರಿಗೂ ಇಷ್ಟ ಇರುವುದಿಲ್ಲ.

ಆದರೆ ಆ ಜಾಗದಿಂದ ಎಷ್ಟು ದೂರ ಹೋಗಬಹುದು ಅನ್ನುವುದನ್ನು ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಗೋಲ್‌ಕೀಪರ್ ಆಗಿದ್ದವರು ಕೋಚ್ ಆಗಿ, ಬೇರೆ ದೇಶಗಳಿಗೆ ಹೋಗಿ, ದೊಡ್ಡ ದೊಡ್ಡ ಕ್ಲಬ್‌ಗಳನ್ನು ನಡೆಸಿದ್ದಾರೆ. 1993ರಲ್ಲಿ ಫ್ರಾನ್ಸಿನ ಮಾರ್ಸೇ ಕ್ಲಬ್ ಮಿಲಾನ್ ತಂಡವನ್ನು 1–0ರಿಂದ ಸೋಲಿಸಿ, ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಗೆದ್ದಿತು. ಆಗ ಅದರ ಕೋಚ್ ಆಗಿದ್ದವರು ಬೆಲ್ಜಿಯಂನ ರೇಮಂಡ್ ಗುತಾಲ್ಸ್. ಅವರಿಗೆ ಆಗ 71 ವರ್ಷ. ಆಡುವ ಕಾಲದಲ್ಲಿ ಅವರು ಬ್ರಸೆಲ್ಸ್‌ನ ಕ್ಲಬ್‌ಗಳ ಗೋಲ್‌ಕೀಪರ್.

ಈ ದಾರಿ ಹೇಗಿದೆ, ಎಲ್ಲಿ ಕವಲಾಗುತ್ತದೆ, ಎಲ್ಲಿ ಜನ ಸಿಕ್ಕಿಹಾಕಿಕೊಳ್ಳುತ್ತಾರೆ ಅನ್ನುವುದನ್ನು ಬಿಡಿಸಿ ಹೇಳಬೇಕು ಅನ್ನಿಸಿತು. ನನ್ನ ಪ್ರಕಾರ ಇದರಲ್ಲಿ ಎರಡು ಸಂಗತಿ ಮುಖ್ಯ. ಕೀಪರ್ ಇಡೀ ಆಟವನ್ನು ನೋಡುತ್ತಾನೆ. ಮತ್ತೆ, ಆಟ ನಡೆಯುತ್ತಿರುವಾಗಲೇ ಮಾತಾಡಿ ಉಳಿದವರನ್ನು ನಿಲ್ಲಿಸುತ್ತಾನೆ. ಹೊರದೇಶಕ್ಕೆ ಹೋದಾಗ ಮೊದಲನೆಯದು ಜೊತೆಗೇ ಬರುತ್ತದೆ. ಎರಡನೆಯದನ್ನು ಅಲ್ಲಿ ಮೊದಲಿಂದ ಕಲಿಯಬೇಕಾಗುತ್ತದೆ.

ನಿಂತ ಜಾಗದಿಂದ ಏನು ಕಾಣುತ್ತದೆ

ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಎಷ್ಟೇ ಎತ್ತರದ ಮನುಷ್ಯನಾದರೂ ಎರಡು ಕೈ ಚಾಚಿ ಇಷ್ಟನ್ನು ಮುಚ್ಚಲು ಆಗುವುದಿಲ್ಲ. ಹಾಗಾಗಿ ಒಳ್ಳೆಯ ಕೀಪರ್ ಶಾಟ್ ಬಂದ ಮೇಲೆ ಹಾರುವುದಕ್ಕಿಂತ ಶಾಟ್ ಬರದಂತೆ ನೋಡಿಕೊಳ್ಳುವ ಕೆಲಸವನ್ನೇ ಜಾಸ್ತಿ ಮಾಡುತ್ತಾನೆ. ಎಡಗಡೆ ಡಿಫೆಂಡರ್ ಎರಡು ಹೆಜ್ಜೆ ಒಳಗೆ ಬಂದರೆ ಎದುರಾಳಿಗೆ ಪಾಸ್ ಕೊಡುವ ಜಾಗವೇ ಇರುವುದಿಲ್ಲ. ಅದನ್ನು ಆ ಡಿಫೆಂಡರ್ ನೋಡಲಾರ, ಅವನ ಕಣ್ಣು ಬಾಲಿನ ಮೇಲಿರುತ್ತದೆ. ಕೀಪರ್ ನೋಡಬಲ್ಲ. ನೋಡಿದ ಕೂಡಲೇ ಕೂಗಬೇಕು.

ಮೈದಾನದ ನಡುವೆ ಆಡುವವನಿಗೆ ಯಾವಾಗಲೂ ಬೆನ್ನ ಹಿಂದೆ ಯಾರೋ ಇರುತ್ತಾರೆ. ಕೀಪರ್‌ಗೆ ಹಾಗಲ್ಲ, ಆಟ ಪೂರ್ತಿ ಅವನ ಮುಂದೆಯೇ ನಡೆಯುತ್ತದೆ. ಕಾರ್ನರ್ ಬಂದಾಗ ಹತ್ತಿರದ ಕಂಬದ ಬಳಿ ಯಾರು, ಎತ್ತರದ ಎದುರಾಳಿಯನ್ನು ಯಾರು ಹಿಡಿಯಬೇಕು, ಫ್ರೀ ಕಿಕ್‌ಗೆ ಗೋಡೆಯಲ್ಲಿ ಎಷ್ಟು ಜನ, ಇದೆಲ್ಲ ಅವನ ಬಾಯಲ್ಲೇ ತೀರ್ಮಾನ ಆಗುತ್ತದೆ. ಕೋಚ್ ಮಾಡುವ ಕೆಲಸವೂ ಹೆಚ್ಚು ಕಡಿಮೆ ಇದೇ ಅಲ್ವಾ?

ಇನ್ನೊಂದು ವಿಷಯ ಇದೆ, ಇದರ ಬಗ್ಗೆ ಜನ ಅಷ್ಟಾಗಿ ಮಾತಾಡುವುದಿಲ್ಲ. ಒಂದು ತಂಡದಲ್ಲಿ ಆಡುವ ಕೀಪರ್ ಒಬ್ಬನೇ. ಎರಡನೆಯವರು, ಮೂರನೆಯವರು ವರ್ಷಗಟ್ಟಲೆ ಬೆಂಚಿನ ಮೇಲೆ ಕೂರುತ್ತಾರೆ. ಕೋಚ್ ಪಕ್ಕದಲ್ಲೇ ಕೂತು ಅವರು ಏನು ಹೇಳುತ್ತಾರೆ, ಯಾವಾಗ ಆಟಗಾರನನ್ನು ಬದಲಾಯಿಸುತ್ತಾರೆ, ಸೋಲುತ್ತಿರುವಾಗ ಹೇಗಿರುತ್ತಾರೆ ಅಂತ ನೋಡುತ್ತಾರೆ. ಪೋರ್ಚುಗಲ್‌ನ ನೂನೋ ಎಸ್ಪಿರಿಟೊ ಸಾಂಟೊ ಅವರು 2004ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದ ಪೋರ್ಟೊ ತಂಡದಲ್ಲಿದ್ದರು. ಕೋಚ್ ಜೋಸ್ ಮೊರಿನ್ಯೊ. ಗೋಲಿನಲ್ಲಿ ಇದ್ದವರು ವಿಟೋರ್ ಬಾಯಿಯಾ, ನೂನೋ ಬೆಂಚಿನಲ್ಲಿ. ಅದಕ್ಕೂ ಮೊದಲು ಬಾರ್ಸಿಲೋನಾದಲ್ಲಿ ಇದೇ ಬಾಯಿಯಾ ಅವರ ಹಿಂದೆ ಬೆಂಚಿನಲ್ಲಿ ಕೂತಿದ್ದ ಇನ್ನೊಬ್ಬ ಕೀಪರ್ ಹುಲೆನ್ ಲೊಪೆತೆಗಿ. ಸ್ಪೇನ್ ದೇಶಕ್ಕೆ ಅವರು ಆಡಿದ್ದು ಒಂದೇ ಪಂದ್ಯ. ಮುಂದೆ ಅವರು ಸ್ಪೇನ್ ತಂಡದ ಕೋಚ್ ಆದರು, 2020ರಲ್ಲಿ ಸೆವಿಯಾ ತಂಡಕ್ಕೆ ಯುರೋಪಾ ಲೀಗ್ ಗೆದ್ದುಕೊಟ್ಟರು, ಪೋರ್ಚುಗಲ್, ಇಂಗ್ಲೆಂಡ್, ಕತಾರ್ ಅಂತ ಕೆಲಸ ಮಾಡಿದರು. ಆಡುವ ಅವಕಾಶ ಸಿಗದೆ ಕೂತವರ ದಿನಗಳು ಹಾಳಾಗಲಿಲ್ಲ ಅನ್ನುವುದು ನನಗೆ ತುಂಬಾ ಸಮಾಧಾನ ಕೊಡುವ ಸಂಗತಿ.

ಹಾಗಾದರೆ ಕೀಪರ್‌ಗಳೆಲ್ಲ ಯಾಕೆ ಕೋಚ್ ಆಗುವುದಿಲ್ಲ

ಇಲ್ಲೊಂದು ತೊಡಕಿದೆ. ಪ್ರಾಕ್ಟೀಸ್ ಶುರುವಾದ ಸ್ವಲ್ಪ ಹೊತ್ತಿಗೆ ಕೀಪರ್‌ಗಳು ತಮ್ಮ ಕೋಚ್ ಜೊತೆ ಮೈದಾನದ ಒಂದು ಮೂಲೆಗೆ ಹೋಗುತ್ತಾರೆ. ಕ್ಯಾಚ್, ಡೈವ್, ಪಾದದ ಚಲನೆ, ಎತ್ತರದ ಬಾಲು, ಇದೇ ಅವರ ಅಭ್ಯಾಸ. ಉಳಿದ ಹತ್ತು ಜನ ಪಾಸ್ ಮಾಡುವುದು, ಒಟ್ಟಾಗಿ ಎದುರಾಳಿಯ ಮೇಲೆ ನುಗ್ಗುವುದು, ಜಾಗ ಬಿಡಿಸಿಕೊಳ್ಳುವುದು ಕಲಿಯುತ್ತಿರುತ್ತಾರೆ. ಬೆನ್ನ ಹಿಂದೆ ಎದುರಾಳಿ ಅಂಟಿಕೊಂಡಿರುವಾಗ ಬಾಲು ತೆಗೆದುಕೊಂಡು ತಿರುಗುವ ಕಷ್ಟ ಕೀಪರ್ ಮೈಗೆ ಗೊತ್ತಿಲ್ಲ. ಆಟವನ್ನು ನೋಡಿದ್ದಾನೆ ನಿಜ, ಆದರೆ ಅದರ ಒಂದು ದೊಡ್ಡ ಭಾಗವನ್ನು ಆಡಿಲ್ಲ. ಸ್ಟ್ರೈಕರ್‌ಗೆ ಇವರೇನು ಹೇಳಿಕೊಡುತ್ತಾರೆ ಅಂತ ಕ್ಲಬ್ ಮಾಲೀಕರು ಅನುಮಾನಪಟ್ಟರೆ ಅದರಲ್ಲಿ ತಪ್ಪೇನೂ ಇಲ್ಲ.

ಈ ಅಂತರವನ್ನು ಬಹುಮಟ್ಟಿಗೆ ಕಡಿಮೆ ಮಾಡಿದ್ದು ಒಂದು ನಿಯಮ. 1992ಕ್ಕೆ ಮೊದಲು ಡಿಫೆಂಡರ್ ಕಾಲಿನಿಂದ ಹಿಂದಕ್ಕೆ ಕೊಟ್ಟ ಬಾಲನ್ನು ಕೀಪರ್ ಕೈಯಲ್ಲಿ ಎತ್ತಿಕೊಳ್ಳಬಹುದಿತ್ತು. ಒಂದು ಗೋಲು ಮುಂದಿದ್ದರೆ ಸಾಕು, ಡಿಫೆಂಡರ್ ಹಿಂದಕ್ಕೆ ಕೊಡುವುದು, ಕೀಪರ್ ಎತ್ತಿಕೊಳ್ಳುವುದು, ಮತ್ತೆ ಅವನಿಗೇ ಉರುಳಿಸುವುದು. ಹೀಗೇ ಹೊತ್ತು ಕಳೆಯುತ್ತಿದ್ದರು. 1990ರ ವಿಶ್ವಕಪ್ ನೋಡಿದವರಿಗೆ ಈ ಬೇಸರ ನೆನಪಿರುತ್ತದೆ. 1992ರಲ್ಲಿ ಇದನ್ನು ನಿಲ್ಲಿಸಿದರು. ಜೊತೆಗಾರ ಬೇಕಂತಲೇ ಕಾಲಿನಿಂದ ಕೊಟ್ಟ ಬಾಲನ್ನು ಕೀಪರ್ ಕೈಯಲ್ಲಿ ಮುಟ್ಟಿದರೆ ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್, ಅಂದರೆ ನೇರವಾಗಿ ಗೋಲು ಹೊಡೆಯಲು ಆಗದ ಫ್ರೀ ಕಿಕ್.

ಇದರ ಪರಿಣಾಮ ನಿಧಾನವಾಗಿ ಬಂತು, ಆದರೆ ದೊಡ್ಡದಾಗಿ ಬಂತು. ಕೀಪರ್ ಕಾಲಿನಲ್ಲಿ ಆಡಲೇಬೇಕಾಯಿತು. ಎದುರಾಳಿ ಓಡಿ ಬರುತ್ತಿರುವಾಗ ಯಾರಿಗೆ ಪಾಸ್ ಕೊಡಬೇಕು ಅಂತ ತೀರ್ಮಾನಿಸಬೇಕಾಯಿತು. 2014ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ವಿರುದ್ಧ ಜರ್ಮನಿಯ ಕೀಪರ್ ಮ್ಯಾನುಯೆಲ್ ನೋಯರ್ ಪೆನಾಲ್ಟಿ ಏರಿಯಾದಿಂದ, ಅಂದರೆ ಗೋಲಿನ ಮುಂದೆ ಗೆರೆ ಎಳೆದ ಜಾಗದಿಂದ, ಹೊರಗೆ ಬಂದು ಬಂದು ಬಾಲು ತೆಗೆದದ್ದನ್ನು ನೋಡಿದ್ದರೆ ಈ ಬದಲಾವಣೆ ಕಣ್ಣಿಗೆ ಕಟ್ಟಿರುತ್ತದೆ. 2019ರಲ್ಲಿ ಗೋಲ್ ಕಿಕ್ ನಿಯಮವೂ ಬದಲಾಯಿತು. ಬಾಲು ಪೆನಾಲ್ಟಿ ಏರಿಯಾ ದಾಟುವ ಮೊದಲೇ ಜೊತೆಗಾರ ತೆಗೆದುಕೊಳ್ಳಬಹುದು. ಈಗ ತಂಡದ ದಾಳಿ ಶುರುವಾಗುವುದೇ ಕೀಪರ್ ಕಾಲಿನಿಂದ. 2025–26ರ ಸೀಸನ್‌ನಿಂದ ಬಾಲನ್ನು ಎಂಟು ಸೆಕೆಂಡಿಗಿಂತ ಜಾಸ್ತಿ ಕೈಯಲ್ಲಿ ಹಿಡಿದುಕೊಂಡರೆ ಎದುರಾಳಿಗೆ ಕಾರ್ನರ್ ಸಿಗುತ್ತದೆ. ಕೊನೆಯ ಐದು ಸೆಕೆಂಡನ್ನು ರೆಫ್ರಿ ಕೈ ಎತ್ತಿ ಎಣಿಸುತ್ತಾರೆ. ಅಂದರೆ ಯೋಚನೆ ಇನ್ನೂ ಬೇಗ ಆಗಬೇಕು.

ಹೀಗಾಗಿ ಇವತ್ತಿನ ಕೀಪರ್ ಮೂಲೆಯಲ್ಲಿ ಪ್ರಾಕ್ಟೀಸ್ ಮುಗಿಸಿ ಉಳಿದ ಹತ್ತು ಜನರ ಜೊತೆ ಬಂದು ಸೇರುತ್ತಾನೆ. ಅವರ ಪಾಠವೂ ಇವನಿಗೆ ಗೊತ್ತಿರಬೇಕು. ಮುಂದಿನ ತಲೆಮಾರಿನಲ್ಲಿ ಗೋಲಿನಿಂದ ಬಂದ ಕೋಚ್‌ಗಳು ಹೆಚ್ಚಾಗುತ್ತಾರೆ ಅಂತ ನಾನು ನಂಬುವುದು ಈ ಕಾರಣಕ್ಕೆ.

ದಾರಿ ಕವಲಾಗುವ ಜಾಗ

ಆಟ ನಿಲ್ಲಿಸಿದ ಕೀಪರ್ ಮುಂದೆ ಎರಡು ಕೆಲಸಗಳಿವೆ. ಒಂದು ಗೋಲ್‌ಕೀಪರ್ ಕೋಚ್. ಇನ್ನೊಂದು ಹೆಡ್ ಕೋಚ್. ಹೊರಗಿನಿಂದ ನೋಡುವವರಿಗೆ ಮೊದಲನೆಯದು ಎರಡನೆಯದಕ್ಕೆ ಮೆಟ್ಟಿಲು ಅನ್ನಿಸುತ್ತದೆ. ಹಾಗಲ್ಲ. ಇವೆರಡೂ ಬೇರೆ ಬೇರೆ ವೃತ್ತಿಗಳು, ಓದುವ ಕೋರ್ಸೂ ಬೇರೆ.

ಯುರೋಪಿನಲ್ಲಿ ಯುಇಫಾ ಸಂಸ್ಥೆಯ ಸಿ, ಬಿ, ಎ, ಪ್ರೊ ಅಂತ ಲೈಸೆನ್ಸ್‌ಗಳಿವೆ. ದೊಡ್ಡ ಲೀಗಿನಲ್ಲಿ ಹೆಡ್ ಕೋಚ್ ಆಗಬೇಕಾದರೆ ಪ್ರೊ ಬೇಕು. ಕೀಪರ್ ಕೋಚ್‌ಗೆ ಗೋಲ್‌ಕೀಪರ್ ಬಿ, ಗೋಲ್‌ಕೀಪರ್ ಎ ಅಂತ ಪ್ರತ್ಯೇಕ ಲೈಸೆನ್ಸ್‌ಗಳು. ಏಷ್ಯಾದಲ್ಲೂ ಹಾಗೇ. ಏಷ್ಯಾದ ಫುಟ್‌ಬಾಲ್ ಸಂಸ್ಥೆ ಎಎಫ್‌ಸಿಯ ಸಿ, ಬಿ, ಎ, ಪ್ರೊ ಒಂದು ಸಾಲು, ಕೀಪರ್ ಕೋಚ್‌ಗಳ ಕೋರ್ಸ್ ಇನ್ನೊಂದು ಸಾಲು. ಕೀಪರ್ ಸಾಲಿನಲ್ಲಿ ಎಷ್ಟೇ ಮೇಲೆ ಹೋದರೂ ಅದು ಹೆಡ್ ಕೋಚ್ ಕುರ್ಚಿಗೆ ಹೋಗಿ ಮುಟ್ಟುವುದಿಲ್ಲ. ಮೊದಲ ಸಾಲಿಗೆ ಬಂದು ಸೇರಿಕೊಳ್ಳಬೇಕು.

ಮೊದಲ ಕವಲಿನಲ್ಲೇ ಉಳಿದು ಹೆಸರು ಮಾಡಿದವರೂ ಇದ್ದಾರೆ. ನನಗೆ ತುಂಬಾ ಇಷ್ಟವಾಗುವ ಉದಾಹರಣೆ ನೆದರ್ಲೆಂಡ್ಸ್‌ನ ಫ್ರಾನ್ಸ್ ಹೂಕ್. ಅವರು ಫೋಲೆಂಡಮ್ ಅನ್ನುವ ಚಿಕ್ಕ ಕ್ಲಬ್‌ನ ಕೀಪರ್ ಆಗಿದ್ದರು. ಆಮೇಲೆ ಅಯಾಕ್ಸ್ ಕ್ಲಬ್‌ನಲ್ಲಿ ಕೀಪರ್ ಕೋಚ್ ಆಗಿ ಎಡ್ವಿನ್ ವಾನ್ ಡರ್ ಸಾರ್ ಅಂಥವರನ್ನು ಬೆಳೆಸಿದರು. ಕೋಚ್ ಲೂಯಿ ವಾನ್ ಹಾಲ್ ಜೊತೆ ಬಾರ್ಸಿಲೋನಾ, ಬಯರ್ನ್ ಮ್ಯೂನಿಕ್, ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದರು. ನಡುವೆ ಪೋಲೆಂಡ್ ದೇಶದ ತಂಡದಲ್ಲೂ ಕೆಲಸ ಮಾಡಿದರು.

2014ರ ಜುಲೈ 5ರಂದು ಬ್ರೆಜಿಲ್‌ನ ಸಾಲ್ವಡೋರ್‌ನಲ್ಲಿ ನೆದರ್ಲೆಂಡ್ಸ್, ಕೋಸ್ಟರಿಕಾ ನಡುವೆ ವಿಶ್ವಕಪ್ ಕ್ವಾರ್ಟರ್ ಫೈನಲ್ ನಡೆಯಿತು. ಹೆಚ್ಚುವರಿ ಸಮಯವೂ ಮುಗಿಯುತ್ತ ಬಂತು, ಇನ್ನೂ 0–0. ಪೆನಾಲ್ಟಿ ಶೂಟೌಟ್‌ಗೆ ಕೆಲವೇ ಕ್ಷಣ ಇತ್ತು. ಆಗ ವಾನ್ ಹಾಲ್ ತಮ್ಮ ಮೊದಲ ಕೀಪರ್ ಯಾಸ್ಪರ್ ಸಿಲೆಸನ್ ಅವರನ್ನು ಹೊರಗೆ ಕರೆದು ಟಿಮ್ ಕ್ರೂಲ್ ಅವರನ್ನು ಇಳಿಸಿದರು. ಬರೀ ಪೆನಾಲ್ಟಿ ತಡೆಯಲು ಒಬ್ಬ ಕೀಪರ್! ಕ್ರೂಲ್ ಇನ್ನೂ ಎತ್ತರ, ಕೈಯೂ ಉದ್ದ. ಎದುರಾಳಿಗಳು ಯಾವ ಕಡೆ ಒದೆಯುತ್ತಾರೆ ಅನ್ನುವುದನ್ನು ಮೊದಲೇ ಓದಿಕೊಂಡಿದ್ದರು. ಐದೂ ಸಲ ಸರಿಯಾದ ಕಡೆಗೇ ಹಾರಿದರು, ಎರಡನ್ನು ತಡೆದರು. ನೆದರ್ಲೆಂಡ್ಸ್ 4–3ರಿಂದ ಗೆದ್ದಿತು. ಹೂಕ್ ಆ ತಂಡದ ಕೀಪರ್ ಕೋಚ್. ಹೀಗೆ ಮಾಡಬಹುದು ಅಂತ ಕ್ರೂಲ್‌ಗೆ ಮೊದಲೇ ಗೊತ್ತಿತ್ತು, ಸಿಲೆಸನ್‌ಗೆ ಗೊತ್ತಿರಲಿಲ್ಲ. ಪಂದ್ಯ ಆಡುವಾಗ ಅವರ ಮನಸ್ಸು ಕದಡಬಾರದು ಅನ್ನುವುದೇ ಕಾರಣ. ಕೀಪರ್ ಕೋಚ್ ಕೆಲಸದಲ್ಲಿ ಕೈಗೆ ಬಾಲು ಎಸೆಯುವುದು ಎಷ್ಟು, ಮನಸ್ಸು ಕಾಯುವುದು ಎಷ್ಟು ಅಂತ ಇದರಿಂದ ತಿಳಿಯುತ್ತದೆ.

ಹೂಕ್ ಅವರ ಬದುಕಿನಲ್ಲಿ ಇನ್ನೊಂದು ಪಾಠವೂ ಇದೆ. ಹೆಡ್ ಕೋಚ್ ಹೋದ ಕಡೆ ಅವರ ಸಹಾಯಕರು ಹೋಗುತ್ತಾರೆ. ಹೆಡ್ ಕೋಚ್ ಕೆಲಸ ಕಳೆದುಕೊಂಡರೆ ಸಾಮಾನ್ಯವಾಗಿ ಇವರದ್ದೂ ಹೋಗುತ್ತದೆ. ಮನೆ, ಮಕ್ಕಳ ಶಾಲೆ, ಎಲ್ಲವನ್ನೂ ಕಿತ್ತುಕೊಂಡು ಇನ್ನೊಂದು ದೇಶಕ್ಕೆ ಹೊರಡಬೇಕು. ಈ ಕೆಲಸಕ್ಕೆ ಬರುವವರು ಇದನ್ನು ತಿಳಿದೇ ಬರಬೇಕು.

ಕವಲು ದಾಟಿದವರು ನೂನೋ. ಆಟ ಬಿಟ್ಟ ಮೇಲೆ ಅವರು ಜೆಸುವಾಲ್ಡೊ ಫೆರೇರಾ ಅನ್ನುವ ಹಿರಿಯ ಕೋಚ್ ಕೈಕೆಳಗೆ ಸ್ಪೇನಿನ ಮಲಾಗಾದಲ್ಲಿ, ಗ್ರೀಸಿನ ಪನಥಿನೈಕೋಸ್‌ನಲ್ಲಿ ಕೀಪರ್ ಕೋಚ್ ಆದರು. ಆದರೆ ಅದಕ್ಕೇ ನಿಲ್ಲದೆ ಹೆಡ್ ಕೋಚ್ ಸಾಲಿನ ಕೋರ್ಸನ್ನು ಸ್ಕಾಟ್ಲೆಂಡಿನ ಲಾರ್ಗ್ಸ್ ಅನ್ನುವ ಊರಿನಲ್ಲಿ ಮಾಡಿದರು. ಮೊರಿನ್ಯೊ ಕೂಡ ಅಲ್ಲಿಗೇ ಹೋಗಿದ್ದವರು. ಆ ಕೋರ್ಸಿನಲ್ಲಿ ನೂನೋಗೆ ಇಯಾನ್ ಕ್ಯಾಥ್ರೊ ಅನ್ನುವ ಸ್ಕಾಟ್ಲೆಂಡಿನ ಹುಡುಗ ಪರಿಚಯವಾದರು. 2012ರಲ್ಲಿ ಪೋರ್ಚುಗಲ್‌ನ ರಿಯೊ ಆವೆ ಕ್ಲಬ್‌ಗೆ ನೂನೋ ಹೆಡ್ ಕೋಚ್ ಆದಾಗ ಕ್ಯಾಥ್ರೊ ಅವರೇ ಸಹಾಯಕ. ಅಲ್ಲಿಂದ ವಾಲೆನ್ಸಿಯಾ, ಪೋರ್ಟೊ, 2017ರಲ್ಲಿ ಇಂಗ್ಲೆಂಡಿನ ವುಲ್ವ್ಸ್. ಎರಡನೇ ದರ್ಜೆಯಲ್ಲಿದ್ದ ಆ ಕ್ಲಬ್ಬನ್ನು ಒಂದೇ ಸೀಸನ್‌ನಲ್ಲಿ ಪ್ರೀಮಿಯರ್ ಲೀಗಿಗೆ ತಂದರು, ಮುಂದಿನ ಎರಡು ವರ್ಷವೂ ಏಳನೇ ಸ್ಥಾನ. 2023ರಲ್ಲಿ ಸೌದಿ ಅರೇಬಿಯಾದ ಅಲ್ ಇತ್ತಿಹಾದ್ ತಂಡಕ್ಕೆ ಲೀಗ್ ಗೆದ್ದುಕೊಟ್ಟರು. ಕೋರ್ಸಿನಲ್ಲಿ ಕಲಿಯುವ ಪಾಠದಷ್ಟೇ ಅಲ್ಲಿ ಸಿಗುವ ಜನವೂ ಮುಖ್ಯ ಅಂತ ಈ ಕತೆ ಹೇಳುತ್ತದೆ.

ಗಡಿ ದಾಟಿದ ಮೇಲೆ

ಹೊರದೇಶದಲ್ಲಿ ಮೊದಲ ಅಡ್ಡಿ ಕಾಗದಪತ್ರ. ಇಂಗ್ಲೆಂಡಿನಲ್ಲಿ 2021ರಿಂದ ಹೊರಗಿನ ಕೋಚ್‌ಗಳಿಗೆ, ಯುರೋಪಿನವರಿಗೂ ಸೇರಿದಂತೆ, ಅಲ್ಲಿನ ಫುಟ್‌ಬಾಲ್ ಸಂಸ್ಥೆಯ ಒಪ್ಪಿಗೆ ಬೇಕು. ಹಿಂದೆ ಯಾವ ಮಟ್ಟದ ಲೀಗಿನಲ್ಲಿ ಎಷ್ಟು ಕಾಲ ಕೆಲಸ ಮಾಡಿದ್ದೀರಿ ಅಂತ ನೋಡುತ್ತಾರೆ. ಒಂದು ಖಂಡದ ಲೈಸೆನ್ಸ್ ಇನ್ನೊಂದು ಕಡೆ ತಾನಾಗಿಯೇ ನಡೆಯುತ್ತದೆ ಅಂತ ನಂಬಿಕೊಂಡು ವಿಮಾನ ಹತ್ತಬಾರದು. ಹೋಗುವ ದೇಶದ ಫುಟ್‌ಬಾಲ್ ಸಂಸ್ಥೆಯಲ್ಲಿ ಮೊದಲೇ ಬರೆದು ಕೇಳಿ ತಿಳಿದುಕೊಳ್ಳಬೇಕು.

ಕಾಗದಕ್ಕಿಂತ ದೊಡ್ಡದು ಮಾತು. ನಮ್ಮ ಮೈದಾನದಲ್ಲಿ ಕೀಪರ್ "ಬಿಡೋ, ನಂದು!" ಅಂತ ಕೂಗಿದರೆ ಡಿಫೆಂಡರ್ ಯೋಚನೆ ಮಾಡುವುದಿಲ್ಲ, ಬಗ್ಗಿ ಜಾಗ ಬಿಡುತ್ತಾನೆ. "ಹಿಂದೆ ಇದಾನೆ ನೋಡೋ" ಅಂದರೆ ಸಾಕು. ಬೇರೆ ದೇಶದಲ್ಲಿ ಇದೇ ಅರ್ಧ ಸೆಕೆಂಡಿನ ಮಾತು ಬೇರೆ ಭಾಷೆಯಲ್ಲಿ ಬಾಯಿಗೆ ಬರಬೇಕು. ಆಡುವಾಗ ಹತ್ತು ಹದಿನೈದು ಪದ ಕಲಿತರೆ ನಡೆಯುತ್ತದೆ. ಕೋಚ್ ಆದಾಗ ನಡೆಯುವುದಿಲ್ಲ. ತಂಡದಿಂದ ಕೈಬಿಟ್ಟ ಆಟಗಾರನಿಗೆ ಯಾಕೆ ಕೈಬಿಟ್ಟೆ ಅಂತ ಅವನ ಮನಸ್ಸು ಮುರಿಯದ ಹಾಗೆ ಹೇಳಲು ಹತ್ತು ಪದ ಸಾಲುವುದಿಲ್ಲ.

ಇಟಲಿಯ ವಾಲ್ಟರ್ ಜೆಂಗಾ ಇದನ್ನು ಮತ್ತೆ ಮತ್ತೆ ಮಾಡಿದವರು. 1990ರ ವಿಶ್ವಕಪ್‌ನಲ್ಲಿ 517 ನಿಮಿಷ ಒಂದೂ ಗೋಲು ಬಿಡದೆ ನಿಂತ ಕೀಪರ್ ಅವರು. ಅಮೆರಿಕದಲ್ಲಿ ಆಡುತ್ತಲೇ ಕೋಚಿಂಗ್ ಶುರು ಮಾಡಿದರು. ರೊಮೇನಿಯಾದಲ್ಲಿ ಸ್ಟಾವಾ ಬುಕಾರೆಸ್ಟ್‌ಗೆ ಕೋಚ್ ಆದರು, ಸರ್ಬಿಯಾದಲ್ಲಿ 2006ರಲ್ಲಿ ರೆಡ್ ಸ್ಟಾರ್ ಜೊತೆ ಲೀಗ್ ಗೆದ್ದರು. ಆಮೇಲೆ ಟರ್ಕಿ, ಯುಎಇ, ಸೌದಿ, ಇಂಗ್ಲೆಂಡ್. ಇಷ್ಟು ದೇಶ ಅಂದಾಗ ಹೊಳೆಯುವ ಭಾಗ ಮಾತ್ರ ಕಾಣುತ್ತದೆ. ಎಷ್ಟೋ ಕೆಲಸಗಳು ಕೆಲವೇ ತಿಂಗಳಲ್ಲಿ ಮುಗಿದಿವೆ.

ನಮಗೆ ಹತ್ತಿರದ ಉದಾಹರಣೆ ಡೇವಿಡ್ ಜೇಮ್ಸ್. ಇಂಗ್ಲೆಂಡಿಗೆ 53 ಪಂದ್ಯ, ಪ್ರೀಮಿಯರ್ ಲೀಗಿನಲ್ಲಿ 572 ಪಂದ್ಯ ಆಡಿದ ಕೀಪರ್. 2013ರಲ್ಲಿ ಐಸ್‌ಲ್ಯಾಂಡಿನ ಒಂದು ದ್ವೀಪದ ಕ್ಲಬ್‌ನಲ್ಲಿ ಆಡುತ್ತ ಕೋಚಿಂಗ್‌ಗೂ ಕೈಹಾಕಿದರು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಶುರುವಾದಾಗ ಪಕ್ಕದ ಕೇರಳಕ್ಕೇ ಬಂದರು. ಕೇರಳ ಬ್ಲಾಸ್ಟರ್ಸ್ ತಂಡಕ್ಕೆ ಅವರೇ ಕೀಪರ್, ಅವರೇ ಮ್ಯಾನೇಜರ್. ವಯಸ್ಸು 44. ತಂಡ ಫೈನಲ್ ತನಕ ಹೋಯಿತು, ಕೊನೆಯ ನಿಮಿಷಗಳ ಗೋಲಿನಿಂದ ಕೋಲ್ಕತ್ತ ತಂಡಕ್ಕೆ ಸೋತಿತು. 2018ರ ಜನವರಿಯಲ್ಲಿ ಮತ್ತೆ ಕರೆಸಿಕೊಂಡರು, ಆ ವರ್ಷ ಡಿಸೆಂಬರ್‌ನಲ್ಲಿ ಅವರು ಹೊರಬಿದ್ದರು. ಒಂದೇ ಊರು, ಒಂದೇ ಮನುಷ್ಯ. ಮೊದಲ ಸಲ ಪ್ರೀತಿ, ಎರಡನೇ ಸಲ ಸೋಲು. ಈ ವೃತ್ತಿಯಲ್ಲಿ ಎರಡೂ ಮಾಮೂಲು.

ಇಲ್ಲಿಂದ ಹೊರಡುವವರಿಗೆ

ಕನ್ನಡ ನೆಲದಿಂದ ಕೀಪರ್‌ಗಳು ಹೊರದೇಶಕ್ಕೆ ಹೋಗಿದ್ದು ಹೊಸದೇನೂ ಅಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1–2ರಿಂದ ಸೋತ ಪಂದ್ಯದಲ್ಲಿ ಗೋಲು ಕಾದವರು ಬೆಂಗಳೂರಿನ ಕೆ.ವಿ. ವರದರಾಜ್. 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದದ್ದೂ ಸೌದಿಯ ರಿಯಾದ್‌ನಲ್ಲಿ, ಮೇಘಾಲಯವನ್ನು 3–2ರಿಂದ ಸೋಲಿಸಿ. ಭಾರತ ತಂಡದ ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ನಾರ್ವೆಯ ಸ್ಟಾಬೆಕ್ ಕ್ಲಬ್‌ಗೆ ಆಡಿ ಬಂದು 2017ರಲ್ಲಿ ಬೆಂಗಳೂರು ಎಫ್‌ಸಿ ಸೇರಿದರು. ಭಾರತ ಮಹಿಳಾ ತಂಡದ ಕೀಪರ್ ಆಗಿದ್ದ ಅದಿತಿ ಚೌಹಾಣ್ ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯಕ್ಕೆ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಓದಲು ಹೋಗಿ, ವೆಸ್ಟ್ ಹ್ಯಾಮ್ ಮಹಿಳಾ ತಂಡದ ಗೋಲು ಕಾದರು. ಓದಿನ ಮೂಲಕ ಹೊರಗೆ ಹೋಗುವ ಈ ದಾರಿ ನಮ್ಮ ಹೆಣ್ಣುಮಕ್ಕಳಿಗೆ, ಗಂಡುಮಕ್ಕಳಿಗೂ, ಹೆಚ್ಚು ಕೈಗೆ ಎಟುಕುವಂಥದ್ದು ಅನ್ನಿಸುತ್ತದೆ. ಊರಿನ ಮನೆಗಳಲ್ಲಿ ಆಟಕ್ಕೆ ಕಳಿಸಲು ಹಿಂಜರಿಯುವ ಅಪ್ಪ ಅಮ್ಮ ಓದಿಗೆ ಅಂದರೆ ಒಪ್ಪುತ್ತಾರೆ.

ಮಲೆನಾಡಿನ ಹುಡುಗರಿಗೆ ಒಂದು ಸಣ್ಣ ಅನುಕೂಲವೂ ಇದೆ, ಅದು ಮಳೆ. ಹುಲ್ಲು ಒದ್ದೆಯಾಗಿದ್ದರೆ ಬಾಲು ನೆಲಕ್ಕೆ ತಾಗಿದ ಮೇಲೆ ಜಾರಿಕೊಂಡು ಬೇಗ ಬರುತ್ತದೆ. ನೀರು ನಿಂತಿದ್ದರೆ ಅದೇ ಬಾಲು ಥಟ್ಟನೆ ನಿಂತುಬಿಡುತ್ತದೆ. ಮುಂದೆ ಬರಬೇಕೋ, ಗೆರೆಯ ಮೇಲೇ ಕಾಯಬೇಕೋ ಅನ್ನುವುದು ಇದರ ಮೇಲೆ ನಿಂತಿದೆ. ಒದ್ದೆ ಬಾಲನ್ನು ಬರೀ ಅಂಗೈಯಲ್ಲಿ ಹಿಡಿಯಲು ಹೋದರೆ ಜಾರುತ್ತದೆ. ಎದೆಯನ್ನು ಅದರ ಹಿಂದೆ ತರಬೇಕು. ಇಲ್ಲವಾದರೆ ಪಕ್ಕಕ್ಕೆ ತಳ್ಳಬೇಕು, ಮುಂದಕ್ಕಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಇದನ್ನು ಮೈಯಲ್ಲೇ ಕಲಿತವರು ಆಮೇಲೆ ಮಕ್ಕಳಿಗೆ ಹೇಳಿಕೊಡುವಾಗ ಪುಸ್ತಕ ನೋಡಬೇಕಿಲ್ಲ.

ಕೊರತೆ ಇರುವುದು ಪಂದ್ಯಗಳಲ್ಲಿ. ಗಂಭೀರವಾದ ಲೀಗ್ ಆಡಲು ಸುಮಾರು 300 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಲೇಬೇಕು. ಕೋಚಿಂಗ್‌ನಲ್ಲಿ ಶುರುವಿನ ಹೆಜ್ಜೆ ಭಾರತದ ಫುಟ್‌ಬಾಲ್ ಸಂಸ್ಥೆ ಎಐಎಫ್‌ಎಫ್‌ನ ಕೆಳಹಂತದ ಲೈಸೆನ್ಸ್‌ಗಳು. ಡಿ ಲೈಸೆನ್ಸ್ ಆದ ಮೇಲೆ ಎಎಫ್‌ಸಿ ಸಿ, ಅದರ ಜೊತೆ ಕೀಪರ್ ಕೋಚಿಂಗ್‌ನ ಮೊದಲ ಕೋರ್ಸ್. ಎರಡು ಸಾಲಿನಲ್ಲೂ ಒಂದೊಂದು ಕಾಲು ಇಟ್ಟಿರುವುದು ಒಳ್ಳೆಯದು, ಯಾಕೆಂದರೆ ಹೊರದೇಶದಲ್ಲಿ ಕೀಪರ್ ಕೋಚ್ ಕೆಲಸ ಮೊದಲ ಬಾಗಿಲು ತೆರೆಯಬಹುದು, ಒಳಗೆ ಹೋದ ಮೇಲೆ ಇನ್ನೊಂದು ಲೈಸೆನ್ಸ್ ಬೇಕಾಗುತ್ತದೆ.

ವಯಸ್ಸಿನ ಲೆಕ್ಕದಲ್ಲೇ ನಮ್ಮವರು ಹೆಚ್ಚು ಎಡವುತ್ತಾರೆ. ಕೀಪರ್‌ಗಳು ತಡವಾಗಿ ಪಳಗುತ್ತಾರೆ, ತುಂಬಾ ಕಾಲ ಆಡುತ್ತಾರೆ. ಇಟಲಿಯ ಡಿನೋ ಜೋಫ್ 1982ರಲ್ಲಿ ವಿಶ್ವಕಪ್ ಎತ್ತಿದಾಗ ಅವರಿಗೆ 40 ವರ್ಷ. ಆಟ ಪೂರ್ತಿ ಮುಗಿಯಲಿ, ಆಮೇಲೆ ಕೋಚಿಂಗ್ ನೋಡೋಣ ಅಂತ ಕಾದರೆ ಮೊದಲ ಕೋರ್ಸಿಗೆ ಸೇರುವಷ್ಟರಲ್ಲಿ ಬೇರೆಯವರು ಹತ್ತು ವರ್ಷ ಮುಂದೆ ಹೋಗಿರುತ್ತಾರೆ. ಇಪ್ಪತ್ತು ದಾಟಿದ ಕೀಪರ್ ಆಡುತ್ತಲೇ ಡಿ ಲೈಸೆನ್ಸ್ ಮುಗಿಸಬಹುದು. ಬೆಳಿಗ್ಗೆ ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ ತನ್ನ ಪ್ರಾಕ್ಟೀಸ್ ಮಾಡಿ, ಸಂಜೆ ಯಾವುದಾದರೂ ಶಾಲೆಯ ಹನ್ನೆರಡು ವರ್ಷದ ಕೀಪರ್‌ಗಳಿಗೆ ಕಲಿಸಬಹುದು. ಮೇಲಿನ ಲೈಸೆನ್ಸ್‌ಗೆ ಅರ್ಜಿ ಹಾಕುವಾಗ ಯಾವ ತಂಡಕ್ಕೆ ಎಷ್ಟು ಕಾಲ ಕಲಿಸಿದ್ದೀರಿ ಅಂತ ಕೇಳುತ್ತಾರೆ. ಶಾಲೆಯ ಮಕ್ಕಳಿಗೆ ಕಲಿಸಿದ್ದೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ತಾರೀಕು ಸಮೇತ ಬರೆದಿಟ್ಟುಕೊಳ್ಳಬೇಕು, ಶಾಲೆಯಿಂದ ಒಂದು ಪತ್ರವನ್ನೂ ಪಡೆದಿರಬೇಕು.